ಇಸ್ತ್ರಿ ಹಾಕಿದ ಭಾಷಣ

ಸುಕ್ಕು ಕಂಡರೆ ಟೈಲರಕ್ಕನಿಗೆ ಕೈ ಕಟ್ಟಿ ಕೂರಲು ಆಗುತ್ತಿರಲಿಲ್ಲ. ಪಕ್ಕದ ಮನೆಗೆ ಬಂದು ಎರಡೇ ತಿಂಗಳು. ಅಷ್ಟರಲ್ಲಿ ಟೆಲಿಫೋನ್ ಆಪರೇಟರನ ಪರದೆ, ದಿಂಬಿನ ಚೀಲ, ಕರವಸ್ತ್ರ, ಒಮ್ಮೆ ಕಾಲುಚೀಲ ಕೂಡ ಆಕೆಯ ಇಸ್ತ್ರಿಪೆಟ್ಟಿಗೆಯ ಕೆಳಗೆ ಹಾದುಬಂದಿದ್ದವು.

ಆಪರೇಟರ್ ಹುಟ್ಟು ಕುರುಡ. ಇಸ್ತ್ರಿ ಹಾಕಲು ಅವನಿಗೂ ಬರುತ್ತಿತ್ತು. ಬೇಡವೆನ್ನಲು ಮಾತ್ರ ಬರುತ್ತಿರಲಿಲ್ಲ. ಅದು ಅಮ್ಮ ಕಲಿಸಿದ್ದು. "ಸಹಾಯಕ್ಕೆ ಬಂದೋರ ಕೈ ಒದರಬೇಡ ಮಗಾ. ನಿನ್ನಿಂದ ಅವಮಾನ ಆದೋರು ನಾಳೆ ಇನ್ನೊಬ್ಬ ಕುರುಡನ ಹತ್ರ ಹೋಗಲ್ಲ." ಹೀಗಾಗಿ ದಾಟಬೇಕಿಲ್ಲದ ಎಷ್ಟೋ ರಸ್ತೆಗಳನ್ನು ಅವನು ದಾಟಿದ್ದ. ದಾಟಿಸಿದವರ ಹೆಜ್ಜೆ ಸದ್ದು ದೂರವಾದ ಮೇಲೆ ಮೆಲ್ಲಗೆ ವಾಪಸ್ಸು ದಾಟಿದ್ದ.

ಆವತ್ತು ಅವನ ಹಳೆಯ ಶಾಲೆಯಲ್ಲಿ ಮೇಡಂ ನಿವೃತ್ತರಾಗುತ್ತಿದ್ದರು. ಮೇಡಮ್ಮಿಗೂ ಕಣ್ಣು ಕಾಣದು. ಅವನಿಗೆ ಅಕ್ಷರ ಕಲಿಸಿದ್ದು ಅವರ ಬೆರಳೇ. ಹಳೆಯ ವಿದ್ಯಾರ್ಥಿಗಳು ತಮ್ಮ ಮಾತನ್ನು ಬ್ರೈಲಿನಲ್ಲಿ ಬರೆದು ತಂದು ಓದಬೇಕು, ಓದಿದ ಹಾಳೆಗಳನ್ನು ಮೇಡಂ ಕೈಗೆ ಕೊಡಬೇಕು, ಎಲ್ಲ ಸೇರಿಸಿ ಹೊಲಿದು ಅವರಿಗೊಂದು ಪುಸ್ತಕ ಮಾಡುವುದೆಂದು ತೀರ್ಮಾನವಾಗಿತ್ತು. ಆಪರೇಟರ್ ನಾಲ್ಕು ಸಂಜೆ ಕೂತು, ದಪ್ಪ ಹಾಳೆಯಲ್ಲಿ ಉಬ್ಬು ಚುಕ್ಕಿಗಳನ್ನು ಒಂದೊಂದಾಗಿ ಚುಚ್ಚಿ ನಾಲ್ಕು ಪುಟ ಬರೆದಿದ್ದ.

ಆ ಪುಸ್ತಕದಲ್ಲಿ ತನ್ನ ಪುಟಗಳೇ ಎಲ್ಲಕ್ಕಿಂತ ಚೆನ್ನಾಗಿರಬೇಕೆಂಬ ಹಟಕ್ಕೆ ಹಳೆಯ ಕಾರಣವೊಂದಿತ್ತು. ಮೂರನೇ ಕ್ಲಾಸಿನಲ್ಲಿ ಹೋಂವರ್ಕ್ ಬರೆಯದೆ, ಖಾಲಿ ಹಾಳೆಯ ಮೇಲೆ ಬೆರಳಾಡಿಸುತ್ತ ಇಡೀ ಪ್ರಬಂಧವನ್ನು ಗಡಗಡ ಓದಿಬಿಟ್ಟಿದ್ದ. ಮೇಡಂ ಪೂರ್ತಿ ಕೇಳಿ, ಹಾಳೆ ಇಸಿದುಕೊಂಡು ಸವರಿ, 'ಹಾಳೆಯಲ್ಲಿ ಇಲ್ಲದ್ದನ್ನು ಓದಬಾರದು' ಎಂದು ನೂರು ಸಲ ಬರೆಸಿದ್ದರು.

ಸ್ನಾನ ಮುಗಿಸಿ ಬಂದಾಗ ಕೋಣೆಯಲ್ಲಿ ಬಿಸಿ ಇಸ್ತ್ರಿಯ ವಾಸನೆ.

"ಶರ್ಟು ರೆಡಿ ತಮ್ಮಾ. ಹಾಳೇನೂ ಕವರಿಗೆ ಹಾಕಿದ್ದೀನಿ. ನಾನೂ ಬರ್ತೀನಿ ನಡಿ. ಅಂಥ ಜಾಗಕ್ಕೆ ಒಬ್ಬನ್ನೇ ಹೇಗೆ ಕಳಿಸೋದು?"

ಅಂಥ ಜಾಗದಲ್ಲೇ ಅವನು ಹನ್ನೆರಡು ವರ್ಷ ಬೆಳೆದದ್ದು. "ಆಗಲಿ ಅಕ್ಕ" ಎಂದ.

ಬಸ್ಸು ಹತ್ತಿದ್ದೇ ಟೈಲರಕ್ಕ ಶುರುಮಾಡಿದಳು. "ಏಳ್ರೀ ಸ್ವಲ್ಪ. ಇವ್ರು ಭಾಷಣ ಮಾಡೋಕೆ ಹೋಗ್ತಿದ್ದಾರೆ."

"ನನಗೆ ಎಂಬತ್ತು ವರ್ಷ ಕಣಮ್ಮ" ಎಂದಿತೊಂದು ಮುದಿ ದನಿ.

"ಹಾಗಾದ್ರೆ ಸಾಕಷ್ಟು ಕೂತಿದ್ದೀರಿ ಬಿಡಿ."

ಮೂರು ಜನ ಎದ್ದರು. ಆಪರೇಟರ್ ಮುದುಕರನ್ನೂ ಪಕ್ಕಕ್ಕೆ ಎಳೆದು ಕೂರಿಸಿಕೊಂಡು, ಒಂದು ಸಲ ಓದಿಕೊಳ್ಳೋಣವೆಂದು ಹಾಳೆ ತೆಗೆದ. ಬೆರಳು ಎಣ್ಣೆ ಚೆಲ್ಲಿದ ನೆಲದ ಮೇಲೆ ಕಾಲಿಟ್ಟಂತೆ ಸರ್ರನೆ ಜಾರಿಹೋಯಿತು. ಎರಡನೆಯ ಪುಟವೂ ಹಾಗೇ. ಮೂರನೆಯದೂ.

"ಅಕ್ಕ, ಈ ಹಾಳೆ..."

"ಅಯ್ಯೋ, ಅದರ ಅವಸ್ಥೆ ನೋಡಬೇಕಿತ್ತು ನೀನು. ಮೈಯೆಲ್ಲ ಬೆವರುಗುಳ್ಳೆ. ಥಂಡಿ ಹಿಡಿದಿತ್ತೇನೋ. ನೀರು ಚಿಮುಕಿಸಿ ಎರಡೂ ಕಡೆ ಒತ್ತಿದೆ. ಸುಲಭಕ್ಕೆ ಬಗ್ಗಲಿಲ್ಲ ಕಣೋ. ನಾನೂ ಬಿಡಲಿಲ್ಲ."

ಅವನು ಬಾಯಿ ತೆರೆದ. ನಾಲಿಗೆಯ ತುದಿಯಲ್ಲಿ ಅಮ್ಮ ಬಂದು ನಿಂತಳು.

"ತುಂಬಾ ನಯವಾಗಿದೆ ಅಕ್ಕ" ಎಂದ.

ವೇದಿಕೆ ಹತ್ತುವಾಗ, ಇದ್ದದ್ದು ಇದ್ದ ಹಾಗೆ ಹೇಳಿ ಕ್ಷಮೆ ಕೇಳಿಬಿಡೋಣವೆಂದುಕೊಂಡ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಕೇಳಿಸಿತು: "ನಮ್ಮ ಹುಡುಗ. ಆ ಶರ್ಟಿನ ತೋಳು ನೋಡಿ, ನಂದೇ ಇಸ್ತ್ರಿ." ಇಡೀ ಸಭೆಯೆದುರು ಈ ದನಿಯನ್ನು ಮುದುಡಿಸುವುದೆ? ಅವನು ಖಾಲಿ ಹಾಳೆಯ ಮೇಲೆ ಬೆರಳಿಟ್ಟು ಓದತೊಡಗಿದ.

ಲೋಟ ತುಂಬುವ ಸದ್ದು ಕೇಳಿಕೊಂಡು ಚಹಾ ಬಗ್ಗಿಸುವುದನ್ನು ಅಮ್ಮ ಕಲಿಸಿದ್ದು, ಕಲಿಯುವಷ್ಟರಲ್ಲಿ ಮನೆಯ ನೆಲ ಅವನಿಗಿಂತ ಹೆಚ್ಚು ಚಹಾ ಕುಡಿದದ್ದು, ಮೂರನೇ ಕ್ಲಾಸಿನ ಹೋಂವರ್ಕ್, ಎಲ್ಲ ಬಂತು. ಸಭೆ ನಕ್ಕಿತು. ಯಾರೋ ಮೂಗು ಸೀಟಿದರು. "ಆವತ್ತಿನಿಂದ ಈವತ್ತಿನವರೆಗೆ, ಮೇಡಂ, ಹಾಳೆಯಲ್ಲಿ ಇಲ್ಲದ ಒಂದಕ್ಷರವನ್ನೂ ನಾನು ಓದಿಲ್ಲ" ಎನ್ನುವಾಗ ಅವನ ಬೆರಳು ಹಾಳೆ ದಾಟಿ ಮೇಜನ್ನು ಓದುತ್ತಿತ್ತು.

ಚಪ್ಪಾಳೆ ನಿಂತ ಮೇಲೆ ಮೇಡಂ ಕೈ ಚಾಚಿದರು. ಹಾಳೆ ಕೊಡದೆ ಗತಿಯಿರಲಿಲ್ಲ. ಕಾಗದದ ಮೇಲೆ ಬೆರಳು ಹರಿಯುವ ಸದ್ದು ಮೊದಲ ಪುಟ, ಎರಡನೆಯದು, ಮೂರನೆಯದು ದಾಟಿ ನಾಲ್ಕರ ಕೊನೆಯಲ್ಲಿ ನಿಂತಿತು. ಮೇಡಂ ಅವನೊಬ್ಬನಿಗೇ ಕೇಳುವಂತೆ ಬಗ್ಗಿದರು.

"ಕೆಳಗಿನ ಮೂಲೆಯಲ್ಲಿ ಒಂದು ಪೂರ್ಣವಿರಾಮ ಇದೆ. ಅದನ್ನ ಚೆನ್ನಾಗಿ ಬರೆದಿದ್ದೀಯ."

"ಮೇಡಂ, ಅದು ಏನಾಯ್ತು ಅಂದ್ರೆ..."

ಅಷ್ಟರಲ್ಲಿ ಅವನ ಮೊಣಕೈಗೆ ಪರಿಚಿತ ಕೈಯೊಂದು ಬಂದು ಕೂತಿತು. "ಎಷ್ಟು ಚೆನ್ನಾಗಿ ಓದಿದೆ ತಮ್ಮಾ," ಎಂದಳು ಟೈಲರಕ್ಕ.

"ಸೋಮವಾರ ಬರೆದು ತಾ," ಎಂದರು ಮೇಡಂ, ಅದೇ ಪಿಸುದನಿಯಲ್ಲಿ. "ಜೊತೆಗೆ ಆ ಹಳೇ ವಾಕ್ಯ, ನೂರು ಸಲ. ಅಲ್ಲೀತನಕ ಪುಸ್ತಕ ಹೊಲಿಸಲ್ಲ."

ನಲವತ್ತು ದಾಟಿದವನಿಗೆ ಹೋಂವರ್ಕ್. ಮೇಡಂ ಶಾಲೆಯಿಂದ ನಿವೃತ್ತರಾದರೂ ತನ್ನಿಂದ ಆಗಿಲ್ಲವಲ್ಲ ಎಂದು, ಯಾಕೋ, ಅವನಿಗೆ ಹಿತವೆನಿಸಿತು.

ಹೊರಗೆ ಬಂದಾಗ ಟೈಲರಕ್ಕ ಕೇಳಿದಳು, "ಏನಂದ್ರು ಅವ್ರು?"

"ಸೋಮವಾರ ಇನ್ನೊಂದಿಷ್ಟು ಬರೆದು ತಾ ಅಂದ್ರು."

"ನೋಡಿದ್ಯಾ, ಮೆಚ್ಚಿದ್ದಾರೆ. ನೀನಂತೂ ಮಾತಾಡೋ ಉದ್ದಕ್ಕೂ ಹಾಳೇನ ಸವರಿ ಸವರಿ ನೋಡ್ತಿದ್ದೆ. ಮಾಡಿದ ಕೆಲಸಕ್ಕೆ ಬೆಲೆ ಕೊಡೋರು ಈಗ ಎಲ್ಲಿದ್ದಾರೆ ಹೇಳು? ಭಾನುವಾರವೇ ಬರೆದು ಮೇಜಿನ ಮೇಲಿಟ್ಟಿರು. ಸೋಮವಾರ ಬೆಳಿಗ್ಗೆ ಬಂದು ಒತ್ತಿಕೊಡ್ತೀನಿ."

"ಆಗಲಿ ಅಕ್ಕ" ಎಂದು ಅವನು ಆಕೆಯ ತೋಳು ಹಿಡಿದು, ದಾಟಬೇಕಿಲ್ಲದ ರಸ್ತೆಯನ್ನು ದಾಟಿದ.