ಬೀಗರ ಅಳತೆಯ ಬೆಟ್ಟ

ಯಾರಾದರೂ ಬಹಳ ಮರ್ಯಾದೆಯಿಂದ "ನೀವೇ ಒಂದು ಆರಿಸಿಬಿಡಿ, ನೀವು ಹೇಳಿದ್ದೇ ಫೈನಲ್" ಎಂದರೆ ಈಗೀಗ ನಾನು ನೀರು ಕುಡಿಯುವ ನೆಪ ಹೇಳಿ ಒಳಗೆ ಹೋಗಿಬಿಡುತ್ತೇನೆ. ಆರಿಸುವುದರಷ್ಟು ಸುಸ್ತಿನ ಕೆಲಸ ಇನ್ನೊಂದಿಲ್ಲ. ಮೂಟೆ ಹೊರುವವನು ಮೂಟೆ ಇಳಿಸಿದ ಮೇಲೆ ಬೀಡಿ ಹಚ್ಚಿ ಕೂರಬಹುದು. ಆರಿಸಿದವನ ಮೂಟೆ ಮಾತ್ರ ಆರಿಸಿದ ಮೇಲೇ ಹೆಗಲಿಗೆ ಬೀಳುತ್ತದೆ. ಯಶವಂತಪುರದ ನಮ್ಮ ಆಫೀಸಿನಲ್ಲಿ ಹಿರಿಯರೊಬ್ಬರು ನಿವೃತ್ತರಾದಾಗ ಉಡುಗೊರೆ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಓಡಾಡಿ ಓಡಾಡಿ ಚಕ್ರ ಇರುವ ಒಳ್ಳೆಯ ಸೂಟ್‌ಕೇಸ್ ತಂದೆ. ಅವರು ಅದನ್ನು ನೋಡಿ, "ಹೊರಡು ಅಂತ ಇಷ್ಟು ಸ್ಪಷ್ಟವಾಗಿ ಹೇಳಬೇಕಿತ್ತೇನಯ್ಯಾ?" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಕ್ಯಾಂಟೀನಿನಲ್ಲಿ ಉಪ್ಪಿಟ್ಟು, ಅವಲಕ್ಕಿ ಎರಡೂ ಇದ್ದ ದಿನ ಕೂಡ ನಾನು ಮುಂದಿದ್ದವನ ತಟ್ಟೆ ನೋಡಿ ಅದನ್ನೇ ಹಾಕಿಸಿಕೊಳ್ಳುತ್ತಿದ್ದೆ.

ಇಂಥವನ ತಲೆಗೆ ಒಂದು ಬೆಟ್ಟವನ್ನು ಆರಿಸುವ ಕೆಲಸ ಬಂತು. ಅದೂ ಮಗಳ ಮದುವೆಯ ವಿಷಯದಲ್ಲಿ.

ನನ್ನ ಮಗಳು ಅನು ತನ್ನ ಆಫೀಸಿನ ಕಿರಣ್ ಎಂಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹುಡುಗ ಒಳ್ಳೆಯವನು. ಅವನ ತಂದೆ ನಂಜಪ್ಪನವರು ಅಬ್ಬಿಗೆರೆಯವರು. ಅದು ಊರಾಗಿದ್ದಾಗ ಅಲ್ಲಿ ರಾಗಿ ಬೆಳೆದವರು, ಅದು ಏರಿಯಾ ಆದ ಮೇಲೆ ಅಲ್ಲೇ ಬಿಲ್ಡಿಂಗ್ ಕಟ್ಟಿದವರು. ಎತ್ತರದ ಆಳು, ಗಟ್ಟಿ ದನಿ, ಬಿಳಿ ಅಂಗಿ. ಅವರು ಯಲಹಂಕದ ನಮ್ಮ ಮನೆಗೆ ಬಂದು ಹೋದರು, ನಾವು ಅವರ ಮನೆಗೆ ಹೋಗಿ ಬಂದೆವು. ಎರಡು ಕಡೆಯೂ ಎಷ್ಟು ವಿನಯವೆಂದರೆ, ಯಾರೂ ಯಾರೊಡನೆಯೂ ಸರಿಯಾಗಿ ಮಾತಾಡಲೇ ಇಲ್ಲ. ನಾವು ಅವರ ಮನೆಯಿಂದ ಹೊರಡುವಾಗ ನಂಜಪ್ಪನವರು "ನೋಡಾಣ ಸಾರ್" ಎಂದರು. ಆ "ನೋಡಾಣ" ಅನ್ನು ನಾನು ಮನೆ ತಲುಪುವವರೆಗೂ ತಿರುಗಿಸಿ ತಿರುಗಿಸಿ ನೋಡಿದೆ. ಮದುವೆಯ ಮಾತಿನಲ್ಲಿ "ನೋಡೋಣ" ಎಂದರೆ ಏನೆಂದು ಗಂಡುಮಕ್ಕಳ ತಂದೆಯರಿಗಿಂತ ಹೆಣ್ಣುಮಕ್ಕಳ ತಂದೆಯರಿಗೆ ಚೆನ್ನಾಗಿ ಗೊತ್ತು.

"ಅಪ್ಪ, ನೀವುಗಳು ಹೀಗೆ ಸೋಫಾ ಮೇಲೆ ಕೂತ್ರೆ ಈ ಜನ್ಮಕ್ಕೆ ಹತ್ರ ಆಗಲ್ಲ. ಎಲ್ಲರೂ ಒಂದು ಟ್ರೆಕ್ ಹೋಗೋಣ" ಎಂದಳು ಅನು. ಕುದುರೆಮುಖ ರಾಷ್ಟ್ರೀಯ ಉದ್ಯಾನ ಎಂದು ಜಾಗವನ್ನೂ ಅವಳೇ ಹೇಳಿದಳು. ನಾನು ಕೈತೋಟ, ಕಾರಂಜಿ ಇರುವ ಏನನ್ನೋ ಊಹಿಸಿಕೊಂಡು ಹೂಂ ಎಂದೆ. ಆಮೇಲೆ ತಿಳಿಯಿತು, ಈ ಉದ್ಯಾನದಲ್ಲಿ ಇರುವುದೆಲ್ಲ ಬೆಟ್ಟ. ಒಂದೊಂದು ಬೆಟ್ಟಕ್ಕೂ ಒಂದೊಂದು ದಾರಿ. ಮೊದಲೇ ದಾರಿ ಆರಿಸಿ ಅನುಮತಿ ಪಡೆದು, ಗೈಡ್ ಜೊತೆಗೇ ಹತ್ತಬೇಕು. ಯಾವ ದಾರಿ ಎಂದು ಕೇಳಿದ್ದಕ್ಕೆ ನಂಜಪ್ಪನವರು ಫೋನಿನಲ್ಲಿ, "ನೀವು ಓದಿರೋರು ಸಾರ್, ನೀವೇ ಸೆಲೆಕ್ಟ್ ಮಾಡ್ಬುಡಿ. ನೀವ್ ಏಳಿದ್ದೇ ಫೈನಲ್ಲು" ಎಂದುಬಿಟ್ಟರು.

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಊಟ ಮಾಡುತ್ತಾ, ಬಸ್ಸಿನಲ್ಲಿ ಹೆಬ್ಬಾಳದ ಮೇಲ್ಸೇತುವೆ ಮೇಲೆ ನಿಂತುಹೋದಾಗ, ಆಫೀಸಿನ ಟೀ ಸಮಯದಲ್ಲಿ, ಎಲ್ಲ ಹೊತ್ತಿನಲ್ಲೂ ಬೆಟ್ಟ ಹತ್ತುವವರ ವಿಡಿಯೋ ನೋಡಿದೆ. ಕುರಿಂಜಾಲ್ ಎಂಬ ದಾರಿ ಚಿಕ್ಕದು, ಹೆಚ್ಚು ಪಾಲು ಹಳೆಯ ಜೀಪು ರಸ್ತೆಯೇ. ನೇತ್ರಾವತಿ ಮಧ್ಯಮ. ಕುದುರೆಮುಖದ ತುದಿ ಎಂದರೆ ಬೆಳಿಗ್ಗೆ ಹೊರಟು ಸಂಜೆಗೆ ಬರುವ ಯಾತ್ರೆ. ಪ್ರತಿ ವಿಡಿಯೋದಲ್ಲೂ ಕಡ್ಡಿಯ ಹಾಗಿರುವ ಒಬ್ಬ ಹುಡುಗ ಬೆವರೇ ಇಲ್ಲದ ಮುಖದಲ್ಲಿ "ಈಸಿ ಟು ಮಾಡರೇಟ್, ಮಗಾ" ಅನ್ನುತ್ತಿದ್ದ. ಈ ಮಾಡರೇಟ್ ಎಂಬ ಮಾತಿನ ಮೇಲೆ ನನಗೆ ದ್ವೇಷವೇ ಹುಟ್ಟಿತು. ನಮ್ಮ ಮನೆಯ ಮಹಡಿ ಮೆಟ್ಟಿಲು ನನಗೆ ಮಾಡರೇಟ್.

ಆದರೆ ಕಷ್ಟ ನನ್ನ ಮಂಡಿಯದೊಂದೇ ಅಲ್ಲ. ಕುರಿಂಜಾಲ್ ಎಂದರೆ, ನಂಜಪ್ಪನವರ ಕೈಲಿ ಆಗುವುದಿಲ್ಲ ಎಂದು ನಾನೇ ತೀರ್ಮಾನಿಸಿದ ಹಾಗೆ. ಕುದುರೆಮುಖ ಎಂದರೆ, ಅವರೆದುರು ನಾನು ಏದುಸಿರು ಬಿಡುತ್ತಾ ಕಲ್ಲಿನ ಮೇಲೆ ಕೂತ ಹಾಗೆ. ನನ್ನ ಹೆಂಡತಿ ವಿಮಲಾ ಈ ಎರಡನೆಯದನ್ನು ಇನ್ನೂ ಬೆಳೆಸಿದಳು. "ಅವರ ಮುಂದೆ ನೀವು ಎದೆ ಹಿಡ್ಕೊಂಡು ಕೂತ್ರೆ, ಹುಡುಗಿ ಮನೇಲಿ ಹಾರ್ಟ್ ಪ್ರಾಬ್ಲಮ್ ಇದೆ ಅಂತ ಆಗುತ್ತೆ ಕಣ್ರೀ." ಒಂದು ಉಸಿರಿಗೆ ಒಂದು ಮದುವೆ ನಿಂತುಹೋಗಬಹುದೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಇನ್ನೊಮ್ಮೆ ಫೋನ್ ಮಾಡಿ ಮೆಲ್ಲಗೆ ಕೆದಕಿದೆ. "ನಂಜಪ್ಪನವರೇ, ನಿಮಗೆ ಮಂಡಿಗಿಂಡಿ ತೊಂದರೆ ಏನಾದರೂ..."

"ಮಂಡಿಯಾ? ಒಲದಾಗೆ ಬೆಳೆದೋರು ಸಾರ್ ನಾವು. ಯಾವ್ ಬೆಟ್ಟ ಆದ್ರೂ ಅತ್ತಾಣ. ನಿಮ್ಗೆ?"

"ನನಗಾ? ನನಗೇನು, ದಿನಾ ವಾಕಿಂಗ್ ಇದ್ದೇ ಇದೆಯಲ್ಲ" ಎಂದೆ. ಹೇಳಿದ ಮೇಲೆ ಮಾಡಲೇಬೇಕಾಯಿತು.

ಯಲಹಂಕದ ಕೆರೆಯ ಬಳಿ ಗುರುತಿನವರು ಜಾಸ್ತಿ; "ಏನ್ ಸಮಾಚಾರ, ಡಾಕ್ಟ್ರು ಹೇಳಿದ್ರಾ?" ಎಂದು ಕೇಳುತ್ತಾರೆ. ಆದ್ದರಿಂದ ಸ್ಕೂಟರಿನಲ್ಲಿ ಜಕ್ಕೂರು ಕೆರೆಗೆ ಹೋಗುವುದು ರೂಢಿಯಾಯಿತು. ನಡೆಯಲು ಸ್ಕೂಟರಿನಲ್ಲಿ ಹೋಗುವುದು ನನಗೇ ವಿಚಿತ್ರ ಅನಿಸುತ್ತಿತ್ತು. ಅಲ್ಲಿ ಪೆಲಿಕನ್ ಹಕ್ಕಿಗಳು ನನ್ನ ಹಾಗೇ ಹೊಟ್ಟೆ ಹೊತ್ತು ತೇಲುವುದನ್ನು ನೋಡಿ ಸ್ವಲ್ಪ ಸಮಾಧಾನ. ಒಂದು ದಿನ ಕೆರೆ ಏರಿಯ ತಿರುವಿನಲ್ಲಿ ಕಲ್ಲು ಬೆಂಚು ಕಂಡಿತು. ಅದರ ಮೇಲೆ ಯಾರೋ ಎರಡೂ ಕೈ ಮಂಡಿಯ ಮೇಲಿಟ್ಟು ಬಾಯಲ್ಲಿ ಉಸಿರಾಡುತ್ತಿದ್ದರು. ಇನ್ನೂ ಚೀಟಿ ಕೀಳದ ಹೊಸ ಶೂ. ನನಗೂ ಕೂರಲೇಬೇಕಿತ್ತು. ಪಕ್ಕದಲ್ಲಿ ಕುಸಿದು ತಿರುಗಿ ನೋಡಿದರೆ ನಂಜಪ್ಪನವರು!

ಇಬ್ಬರಿಗೂ ಮಾತಾಡಲು ಉಸಿರಿರಲಿಲ್ಲ. ಅದು ಹತೋಟಿಗೆ ಬರುವಷ್ಟರಲ್ಲಿ ಮೇಲೊಂದು ಪುಟ್ಟ ವಿಮಾನ ಪಕ್ಕದ ಏರೋಡ್ರೋಮಿನಿಂದೆದ್ದು ಸುತ್ತು ಹಾಕಿ ಮತ್ತೆ ಇಳಿಯಿತು.

"ಅಬ್ಬಿಗೆರೆಯಿಂದ ಇಲ್ಲಿಯವರೆಗಾ?" ಎಂದೆ ಕೊನೆಗೆ.

"ಅಲ್ಲಿ ಎಲ್ರೂ ಗೊತ್ತಿರೋರು ಸಾರ್. ಮರ್ಯಾದೆ ಓಯ್ತದೆ" ಎಂದವರು ಬೆವರು ಒರೆಸಿಕೊಂಡು ದನಿ ತಗ್ಗಿಸಿದರು. "ಸಾರ್, ಆ ಕುರಿಂಜಾಲ್ ಅಂತ ಒಂದು ಇದ್ಯಂತಲ್ಲ. ಜೀಪ್ ರೋಡಂತೆ."

ನನಗೆ ಅವರ ಕಾಲು ಹಿಡಿದುಕೊಳ್ಳುವಷ್ಟು ಸಂತೋಷವಾಯಿತು. ಆದರೂ ಹುಡುಗಿಯ ತಂದೆಯ ಬಿಗುಮಾನ ಬಿಡದೆ, "ನೋಡಬಹುದು. ನಿಮಗೆ ಅಡ್ಡಿ ಇಲ್ಲದಿದ್ದರೆ" ಎಂದೆ. ಅವರು, "ನಂಗೇನ್ ಅಡ್ಡಿ? ನಿಮ್ಗೋಸ್ಕರ" ಎಂದರು. ಯಾರಿಗೋಸ್ಕರ ಎಂಬುದನ್ನು ಮಾತ್ರ ಬಗೆಹರಿಸದೆ ಇಬ್ಬರೂ ಎದ್ದು, ಬೇರೆ ಬೇರೆ ದಿಕ್ಕಿಗೆ ಚುರುಕಾಗಿ ನಡೆದವರಂತೆ ಹೊರಟೆವು.

ಆ ಬೆಳಿಗ್ಗೆ ನಾನು ಶಿಳ್ಳೆ ಹಾಕಿಕೊಂಡು ಮನೆಗೆ ಬಂದು, "ವಿಮಲಾ, ಆರಿಸಿ ಆಯ್ತು. ಕುರಿಂಜಾಲ್" ಎಂದೆ.

ವಿಮಲಾ ಹುಣಸೆಹಣ್ಣು ಕಿವುಚುತ್ತಿದ್ದಳು. "ಅಯ್ಯೋ, ನೀವು ಇಷ್ಟು ದಿನ ಎಳೆದಾಡ್ತಿದ್ರಿ ಅಂತ ನಾನೂ ಜಯಮ್ಮನೋರೂ ಮಾತಾಡ್ಕೊಂಡ್ವಿ. ಅನು ಬುಕ್ ಮಾಡಿದ್ದೂ ಆಯ್ತು. ಕುದುರೆಮುಖದ ತುದೀಗೇ" ಎಂದಳು. ಜಯಮ್ಮ ಎಂದರೆ ನಂಜಪ್ಪನವರ ಹೆಂಡತಿ. ಈ ಇಬ್ಬರೂ ಫೋನಿನಲ್ಲಿ ಮಾತಾಡುವಷ್ಟು ಹತ್ತಿರವಾದದ್ದು ಯಾವಾಗ ಎಂಬುದೇ ನನಗೆ ಗೊತ್ತಿರಲಿಲ್ಲ. "ಅವರ ಯಜಮಾನ್ರು ಯಾವ ಬೆಟ್ಟ ಆದ್ರೂ ಸರಿ ಅಂದ್ರಂತೆ. ನೀವೂ ದಿನಾ ವಾಕಿಂಗ್ ಹೋಗ್ತೀರಿ. ಇನ್ನೇನು?"

ಇನ್ನೇನೂ ಇರಲಿಲ್ಲ. ನಂಜಪ್ಪನವರಿಗೆ ಫೋನ್ ಮಾಡಿದೆ. ಅವರು "ನಮ್ ಮನೇಲೂ ಏಳಿದ್ಲು ಸಾರ್" ಎಂದಷ್ಟೇ ಹೇಳಿದರು. ಅಷ್ಟು ಸೋತ ದನಿಯನ್ನು ನಾನು ಅವರಿಂದ ಕೇಳಿರಲೇ ಇಲ್ಲ.

ಹೋದೆವು. ಬೆಳಿಗ್ಗೆ ಜೀಪು ನಮ್ಮನ್ನು ಬೆಟ್ಟದ ಬುಡದಲ್ಲಿ ಇಳಿಸಿತು. ಜಯಮ್ಮನವರು ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮಗನ ಹಳೆಯ ಶೂ ಹಾಕಿಕೊಂಡು, "ಬನ್ನಿ ವಿಮಲಮ್ಮ" ಎಂದು ಹೊರಟೇಬಿಟ್ಟರು. ಅವರು ವರ್ಷಕ್ಕೊಮ್ಮೆ ಶಿವಗಂಗೆ ಹತ್ತುವವರಂತೆ; ಇದನ್ನು ನನಗೆ ಯಾರೂ ಹೇಳಿರಲಿಲ್ಲ. ವಿಮಲಾ ಬಟ್ಟೆ ಒಣಗಿಸಲು ದಿನಾ ನಾಲ್ಕಾರು ಸಲ ತಾರಸಿ ಹತ್ತಿ ಇಳಿಯುವವಳು. ಇದನ್ನು ನಾನೇ ಯಾವತ್ತೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೊದಲ ಹಳ್ಳ ದಾಟುವಷ್ಟರಲ್ಲಿ ಹೆಂಗಸರ ಮಾತಷ್ಟೇ ಕೇಳುತ್ತಿತ್ತು. ಎರಡನೆಯದು ದಾಟುವಷ್ಟರಲ್ಲಿ ಅದೂ ಇಲ್ಲ. ಮಕ್ಕಳಿಬ್ಬರೂ ಹತ್ತು ಹೆಜ್ಜೆಗೊಮ್ಮೆ ನಿಂತು ನಮ್ಮನ್ನು ಕಾಯುತ್ತಾ "ಪರವಾಗಿಲ್ಲ, ನಿಧಾನಕ್ಕೆ ಬನ್ನಿ ಅಂಕಲ್" ಅನ್ನುತ್ತಿದ್ದರು. ಆ ದಾಕ್ಷಿಣ್ಯ ಬೆಟ್ಟಕ್ಕಿಂತ ಕಡಿದಾಗಿತ್ತು.

ಬಯಲಾದ ಹುಲ್ಲುಗುಡ್ಡದಲ್ಲಿ ಒಂದೇ ಒಂದು ಮರ ನಿಂತಿರುವ ಜಾಗ ಬಂತು. ಒಂಟಿಮರ ಎಂದೇ ಅದರ ಹೆಸರು. ನಾನೂ ನಂಜಪ್ಪನವರೂ ಮಾತೇ ಆಡಿಕೊಳ್ಳದೆ ಅದರ ಬುಡದಲ್ಲಿ ಒಟ್ಟಿಗೇ ಕೂತೆವು. "ನೀವು ಹೋಗ್ತಿರಿ, ಹಿಂದೇನೇ ಬರ್ತೀವಿ" ಎಂದು ಮಕ್ಕಳನ್ನು ಸಾಗಹಾಕಿದೆವು. ಗೈಡ್ ನಮ್ಮನ್ನೊಮ್ಮೆ ನೋಡಿ, "ಇಲ್ಲಿಂದ ಎಲ್ಲೂ ಹೋಗ್ಬೇಡಿ" ಎಂದ. ಆ ಎಚ್ಚರಿಕೆಯ ಅಗತ್ಯವೇ ಇರಲಿಲ್ಲ.

ನಂಜಪ್ಪನವರು ಕಾಲುಚೀಲ ಇಳಿಸಿ ರಕ್ತ ಹೀರುವ ಇಂಬಳ ಹತ್ತಿದೆಯೇ ಎಂದು ನೋಡಿಕೊಂಡರು. ಆಮೇಲೆ ಬ್ಯಾಗಿನಿಂದ ನಿಪ್ಪಟ್ಟಿನ ಡಬ್ಬಿ ತೆಗೆದು ನನ್ನ ಕಡೆ ತಳ್ಳಿದರು. ಎದುರಿನ ಗುಡ್ಡದ ಮೇಲೆ ಮೋಡ ಬಂದು ಹೋಗುತ್ತಿತ್ತು. ಆ ಕಡೆಯೇ ನೋಡುತ್ತಾ ಅವರು, "ಸಾರ್, ಒಂದ್ ಮಾತು ಕೇಳ್ಲಾ? ನಮ್ ಉಡ್ಗ ನಿಮ್ಗೆ ಒಪ್ಗೆ ಇಲ್ವಾ?" ಎಂದರು.

ನಾನು ಬೆಚ್ಚಿದೆ. "ಯಾರು ಹೇಳಿದರು?"

"ಯಾರೂ ಏಳಿಲ್ಲ. ಅವತ್ತು ನಮ್ ಮನೇಗ್ ಬಂದಾಗ ನೀವು ಬಾಯೇ ಬುಡ್ಲಿಲ್ಲ. ಏನ್ ಕೇಳಿದ್ರೂ ತಲೆ ಆಡ್ಸಿದ್ರಿ. ಊಟಾನೂ ಅರ್ಧಕ್ಕೇ ಬುಟ್ರಿ. ನಮ್ ಮಾತು, ನಮ್ ಮನೆ ಇಡಿಸ್ಲಿಲ್ವೇನೋ ಅಂತ ನಮ್ ಮನೆಯೋಳು ಆಮೇಲೆ ಕಣ್ಣಲ್ಲಿ ನೀರ್ ಆಕಂಡ್ಲು ಸಾರ್."

ಆ ದೊಡ್ಡ ಆಳು ಅಷ್ಟು ಸಣ್ಣ ದನಿಯಲ್ಲಿ ಇದನ್ನು ಹೇಳಿದಾಗ ನಾನು ಅವರ ಕಡೆ ತಿರುಗಿ ಕೂತೆ. "ನಂಜಪ್ಪನವರೇ, ಅವತ್ತು ನಿಮ್ಮ ಮನೆಯ ಕೋಡುಬಳೆ ಕಚ್ಚಿದಾಗ ನನ್ನ ಹಲ್ಲಿನ ಕ್ಯಾಪ್ ಕಳಚಿ ಬಂತು. ಹೊಸ ಸಂಬಂಧದ ಮನೆಯಲ್ಲಿ ಹೇಗೆ ಉಗುಳಲಿ? ಮನೆಗೆ ಬರುವವರೆಗೂ ಅದನ್ನು ದವಡೆಯಲ್ಲೇ ಇಟ್ಟುಕೊಂಡಿದ್ದೆ. ಬಾಯಿ ಬಿಟ್ಟಿದ್ದರೆ ನಿಮ್ಮ ತಟ್ಟೆಗೆ ಬೀಳುತ್ತಿತ್ತು."

ಅವರು ನನ್ನ ಮುಖ ನೋಡಿದರು. ಆಮೇಲೆ ನಗಲು ಶುರುಮಾಡಿದರು. ಹುಲ್ಲಿನಲ್ಲಿದ್ದ ಹಕ್ಕಿಗಳು ಎದ್ದು ಹಾರಿದವು. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ಇಳಿದ ಮೇಲೆ ನನ್ನದನ್ನೂ ಕೇಳಿಯೇಬಿಟ್ಟೆ. "ಮತ್ತೆ ನೀವು 'ನೋಡೋಣ' ಅಂದಿರಲ್ಲ?"

"ನೋಡಾಣ ಅಂದ್ರೆ ಕ್ಯಾಲೆಂಡರ್ ನೋಡಾಣ, ದಿನ ನೋಡಾಣ ಅಂತ! ಇನ್ನೇನ್ ನೋಡ್ತಾರೆ? ತಗಳಿ ಬೀಗ್ರೇ, ಇದು ನಿಪ್ಪಟ್ಟು, ಮೆತ್ತಗವೆ, ಎದುರ್ಕಬೇಡಿ."

ಬೀಗ್ರೇ! ಆ ಒಂದು ಮಾತಿಗೆ ನನ್ನ ಅಷ್ಟು ದಿನದ ದಣಿವೆಲ್ಲ ಬೆಟ್ಟದ ಆ ಕಡೆ ಇಳಿದುಹೋದ ಹಾಗಾಯಿತು. ಮರದ ಬುಡದಲ್ಲಿ ಇಬ್ಬರೂ ತಲೆಗೆ ಬ್ಯಾಗ್ ಇಟ್ಟುಕೊಂಡು ಚೆನ್ನಾಗಿ ನಿದ್ದೆ ಹೊಡೆದೆವು.

ಎಚ್ಚರವಾದದ್ದು ಹೆಂಗಸರ ನಗು ಕೇಳಿ. ತುದಿ ಮುಟ್ಟಿ ವಾಪಸ್ ಬರುತ್ತಿದ್ದರು. ಇಬ್ಬರ ಕೆನ್ನೆಯೂ ಕೆಂಪಾಗಿತ್ತು. ಬರುವ ದಾರಿಯಲ್ಲೇ ಮದುವೆ ಯಾವ ತಿಂಗಳು, ಯಾವ ಛತ್ರ ಎಲ್ಲವನ್ನೂ ತೀರ್ಮಾನಿಸಿಕೊಂಡು ಬಂದಿದ್ದರು. "ನೀವ್ಯಾಕ್ರೀ ಬರ್ಲಿಲ್ಲ?" ಎಂದರು ಜಯಮ್ಮನವರು ಗಂಡನಿಗೆ.

ನಂಜಪ್ಪನವರು ಒಂದು ಕ್ಷಣವೂ ತಡವರಿಸಲಿಲ್ಲ. "ನಾನ್ ಬರ್ತಿದ್ದೆ ಕಣೇ. ಪಾಪ, ಬೀಗ್ರಿಗೆ ಕಾಲು ಉಳುಕ್ಬುಡ್ತು. ಒಬ್ರುನ್ನೇ ಬುಟ್ಟು ಎಂಗ್ ಬರಾದು?"

ಬೀಗರು ಎಂದು ಕರೆಸಿಕೊಂಡು ಇನ್ನೂ ಅರ್ಧ ದಿನವಾಗಿರಲಿಲ್ಲ. ಅವರನ್ನು ಸುಳ್ಳುಗಾರ ಮಾಡುವುದು ಹೇಗೆ? ಎದ್ದು ಕುಂಟಿದೆ. ಹೆಂಗಸರ ಹಿಂದೆ ಬರುತ್ತಿದ್ದ ಕಿರಣ್ ಓಡಿ ಬಂದು ಹೆಗಲು ಕೊಟ್ಟ. ಅನು ಕಣ್ಣಲ್ಲಿ ನೀರು ತಂದುಕೊಂಡಳು. ವಿಮಲಾ ಮಾತ್ರ ಪಕ್ಕಕ್ಕೆ ಬಂದು, ಯಾರಿಗೂ ಕೇಳದ ಹಾಗೆ, "ಮೊದಲು ಯಾವ ಕಾಲು ಅಂತ ಆರಿಸಿಕೊಳ್ಳಿ. ಎರಡರಲ್ಲೂ ಕುಂಟ್ತಿದ್ದೀರಿ" ಎಂದಳು.

ಬಲಗಾಲು ಎಂದು ಆರಿಸಿದೆ. ಅಲ್ಲಿಂದ ಅದರ ಪಾಡು ಕೇಳಬೇಡಿ. ಜಯಮ್ಮನವರು ಎಣ್ಣೆ ಕಾಯಿಸಿ ಕಳಿಸಿದರು. ಅಬ್ಬಿಗೆರೆಗೆ ಹೋದಾಗಲೆಲ್ಲ ಗೇಟಿನಿಂದಲೇ ಕುಂಟುತ್ತಾ ಹೋದೆ. ನಿಶ್ಚಿತಾರ್ಥದಲ್ಲಿ ಕುಂಟಿದೆ, ಧಾರೆ ಎರೆಯಲು ಕುಂಟುತ್ತಲೇ ಮಂಟಪ ಹತ್ತಿದೆ. ನಂಜಪ್ಪನವರು ಬಂದವರಿಗೆಲ್ಲ "ನಮ್ ಬೀಗ್ರು ಆ ಕಾಲಲ್ಲೇ ಬೆಟ್ಟ ಇಳಿದ್ರು" ಎಂದು ಅಭಿಮಾನದಿಂದ ಹೇಳುತ್ತಿದ್ದರು. ಹೀಗೆ ಕುಂಟಿ ಕುಂಟಿ, ಈಗ ಒಂದು ತಿಂಗಳಿಂದ ಬಲ ಮಂಡಿ ನಿಜವಾಗಿಯೂ ನೋಯುತ್ತಿದೆ.

ಮೊನ್ನೆ ವೈದ್ಯರ ಹತ್ತಿರ ಹೋಗಿದ್ದೆ. ಮಂಡಿಯನ್ನು ಒತ್ತಿ, ಮಡಚಿ, ಬಿಡಿಸಿ, "ಈ ವಯಸ್ಸಲ್ಲಿ ಬೆಟ್ಟಗಿಟ್ಟ ಏನಾದರೂ ಹತ್ತಿದ್ರಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ. ಹತ್ತಲಿಲ್ಲ. ಅದರಿಂದಲೇ ಹೀಗಾಯಿತು" ಎಂದೆ.