ಮಾಮಾನ ನಿಜಾಮಶಾಹಿ ಲಕೋಟೆ

ನಮ್ಮ ಅಕ್ಕ ಮದುವೆಯಾದದ್ದು ಮನುಷ್ಯನನ್ನಲ್ಲ, ಒಂದು ಅಂಚೆಪೆಟ್ಟಿಗೆಯನ್ನು! ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಅಂದುಕೊಂಡಿರಾ? ಹೌದು, ಹೊಟ್ಟೆಕಿಚ್ಚಿನಿಂದಲೇ. ಭಾನುವಾರ ಬಂತೆಂದರೆ ಆಳಂದದಿಂದ, ಜೇವರ್ಗಿಯಿಂದ ಜನ ಬಸ್ಸು ಹತ್ತಿ ಅಫಜಲಪುರಕ್ಕೆ, ಅಕ್ಕನ ಗಂಡ ನಮ್ಮ ಮಾಮಾನ ಪಡಸಾಲೆಗೆ ಬರುತ್ತಾರೆ. ಮಾಮಾ ಅಂಚೆಚೀಟಿ ಸಂಗ್ರಾಹಕರ ಸಂಘದ ಕಾಯಂ ಅಧ್ಯಕ್ಷರು. ನನ್ನ ಮನೆಗೆ ಬರುವವರು ಯಾರು? ಕರೆಂಟ್ ಬಿಲ್ಲಿನವನೊಬ್ಬನೇ!

ಒಮ್ಮೆ ಅಕ್ಕ ಕಾಯಿ ಕೊಟ್ಟು ಅವರನ್ನು ಘತ್ತರಗಿಯ ಭಾಗ್ಯವಂತಿ ಗುಡಿಗೆ ಕಳಿಸಿದಳು. ಮಾಮಾ ನೇರ ಅಲ್ಲಿನ ಅಂಚೆ ಕಚೇರಿಗೆ ಹೋಗಿ, ತಮಗೆ ತಾವೇ ಒಂದು ಪತ್ರ ಹಾಕಿ, ಅದಕ್ಕೆ ಅಂಚೆ ಮೊಹರಿನ ಠಸ್ಸೆ ಬೀಳುವವರೆಗೆ ಕಾದು ನಿಂತು ಬಂದರು. ಕಾಯಿ ಚೀಲದಲ್ಲೇ ವಾಪಸ್ಸು!

“ಭಾಗ್ಯವಂತಿ ದರ್ಶನ ಚೊಲೋ ಆತೇನ್ರಿ?” ಎಂದಳು ಅಕ್ಕ.

“ಭಾಳ ಚೊಲೋ! ತಾರೀಖು, ಊರ ಹೆಸರು, ಎಲ್ಲಾ ಸಾಫ್ ಮೂಡ್ಯಾವ!”

ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಅವರ ಒಂದು ಲಕೋಟೆಗೆ. ಅದರ ಮೇಲೆ ನಿಜಾಮನ ಕಾಲದ ಚೀಟಿ. ಅರ್ಧ ಚೀಟಿಯ ಮೇಲೆ, ಅರ್ಧ ಕಾಗದದ ಮೇಲೆ ನಮ್ಮೂರ ಹೆಸರಿನ ದುಂಡನೆಯ ಠಸ್ಸೆ. ಬಂದವರೆಲ್ಲ ಅದನ್ನು ನೋಡಿ “ವ್ಹಾ!” ಎನ್ನುವಾಗ ಸಂಘದ ಕಾರ್ಯದರ್ಶಿಯಾದ ನಾನು ಚಹಾ ಹಂಚುತ್ತಿದ್ದೆ.

ಕಣ್ಣಿನ ಪೊರೆ ಆಪರೇಷನ್ ಆದಾಗ ಮಾಮಾ ಕಪಾಟಿನ ಚಾವಿಯನ್ನು ನನ್ನ ಕೈಗೇ ಕೊಟ್ಟರು. “ನಿನ್ನ ಬಿಟ್ಟು ಮತ್ಯಾರಿಗಿ ಕೊಡ್ಲಿ?” ಕೊಟ್ಟವರದೇ ತಪ್ಪು! ಆ ಚೀಟಿ ಒಂದೇ ಒಂದು ದಿನ ನನ್ನ ಆಲ್ಬಮ್ಮಿನಲ್ಲಿರಲಿ ಅನ್ನಿಸಿತು. ಚಿಕ್ಕಂದಿನ ರೂಢಿಯಂತೆ ಲಕೋಟೆಯ ಆ ಮೂಲೆಯನ್ನು ತಟ್ಟೆಯ ನೀರಿನಲ್ಲಿ ನೆನೆಹಾಕಿದೆ. ಚೀಟಿ ಬಿಟ್ಟಿತು, ಠಸ್ಸೆ ಎರಡು ತುಂಡಾಯಿತು. ಇಂಥ ಲಕೋಟೆಯ ಬೆಲೆಯೆಲ್ಲ ಇಡೀ ಠಸ್ಸೆಯಲ್ಲೇ ಇರುತ್ತದೆಂದು ಸಂಘದ ಸಭೆಯ ನಡಾವಳಿಯಲ್ಲಿ ಬರೆದವನು ಯಾರು? ನಾನೇ! ಮತ್ತೆ ಅಂಟಿಸಬಹುದಿತ್ತಲ್ಲ ಎನ್ನಬೇಡಿ; ನಮ್ಮ ಸಂಘದಲ್ಲಿ ಅದು ಕಳ್ಳತನಕ್ಕಿಂತ ದೊಡ್ಡ ಪಾಪ.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಚೀಟಿ, ಲಕೋಟೆ ಎರಡನ್ನೂ ನನ್ನ ಆಲ್ಬಮ್ ಸಮೇತ ಅವರ ಮುಂದಿಟ್ಟೆ.

“ಮಾಮಾ, ಹೊಟ್ಟೆಕಿಚ್ಚಿಗಿ ಮಾಡೀನ್ರಿ.”

ಮಾಮಾ ಲಕೋಟೆಯನ್ನು ಕಣ್ಣ ಹತ್ತಿರ ಹಿಡಿದು, ಉಳಿದರ್ಧ ಠಸ್ಸೆಯ ಮೇಲೆ ಬೆರಳಾಡಿಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ ಚಿಮಟದಿಂದ ಮೆಲ್ಲಗೆ ಚೀಟಿಯನ್ನೆತ್ತಿ ನನ್ನ ಆಲ್ಬಮ್ಮಿನಲ್ಲಿಟ್ಟರು.

“ಇದು ನಿನಗ ಇರ್ಲಿ, ಲಕೋಟೆ ನನಗ,” ಎಂದರು.

ನಾನು ಆಲ್ಬಮ್ ಮುಚ್ಚಲು ಹೋದಾಗ ಮಾಮಾ ನನ್ನ ಕೈ ಹಿಡಿದರು.

“ಇನ್ನ ಊರ ಹೆಸರು ಪೂರಾ ಓದಬೇಕಂದ್ರ ಇಬ್ರೂ ಒಂದ ಕಡಿ ಕೂಡ್ಬೇಕು ನೋಡು. ದಿನಾ ಬಾರಲೇ.”