ಕುತ್ತಿಗೆ ಕಾಯಿಸಿಕೊಂಡ ನನ್ನ ತಂಗಿ

ನನ್ನ ತಂಗಿ ದೇವರನ್ನು ಬಿಟ್ಟು ಬೇರೆ ಯಾರನ್ನೂ ನಂಬುವವಳಲ್ಲ. ಆ ದೇವರನ್ನೂ ಬೆಳ್ಳಿ ಕರಡಿಗೆಯೊಳಗೆ ಹಾಕಿ ಕೊರಳಿಗೆ ಕಟ್ಟಿಕೊಂಡಿರುವುದು ಭಕ್ತಿಯಿಂದಲ್ಲ, ಬಿಟ್ಟರೆ ಎಲ್ಲಿ ಎದ್ದು ಹೋಗಿಬಿಡುತ್ತಾನೋ ಎಂಬ ಅನುಮಾನದಿಂದ ಎಂದು ನನ್ನ ಗುಮಾನಿ. ನಮ್ಮ ಜನ ಎಲ್ಲರೂ ಲಿಂಗ ಕಟ್ಟಿಕೊಳ್ಳುತ್ತಾರೆ, ಸರಿ. ಆದರೆ ಆಗಾಗ ಕರಡಿಗೆಯ ಮುಚ್ಚಳ ತೆಗೆದು ಒಳಗೆ ಇದ್ದಾನೋ ಇಲ್ಲವೋ ಎಂದು ಇಣುಕಿ ನೋಡುವವಳು ಇವಳೊಬ್ಬಳೇ.

ಅವಳ ಮನೆ ಗುಬ್ಬಿಯಲ್ಲಿ. ನಾನು ಚೇಳೂರಿನವಳು. ಗುಬ್ಬಿಯ ಹಾಲಿನವನನ್ನು ಕೇಳಿ, ಅವಳ ವಿಚಾರ ಹೇಳುತ್ತಾನೆ. ಅವನು ಅಳೆದು ಹಾಕಿದ ಹಾಲನ್ನು ಇವಳು ಉಗುರಿನ ಮೇಲೆ ಬಿಟ್ಟು ನೋಡುತ್ತಾಳೆ, ಮೂಸುತ್ತಾಳೆ, ಆಮೇಲೆ ಅವನಿಗೇ ಒಂದು ಗುಟುಕು ಕುಡಿಸುತ್ತಾಳೆ. ಅವ್ವನನ್ನು ನೋಡಲು ನಾವಿಬ್ಬರೂ ಬಸ್ಸು ಹತ್ತಿದರೆ ಇನ್ನೊಂದು ಕಥೆ. ಬೋರ್ಡು ಓದಿದ್ದಾಳೆ, ಓದು ಬರುತ್ತದೆ. ಆದರೂ ಕಂಡಕ್ಟರನ್ನು ಕೇಳುತ್ತಾಳೆ, ಕುಣಿಗಲ್ಲಿಗೇ ತಾನೇ ಹೋಗೋದು ಎಂದು. ಟಿಕೆಟ್ಟು ತೆಗೆದುಕೊಂಡ ಮೇಲೆ ಡ್ರೈವರನ್ನು ಕೇಳುತ್ತಾಳೆ. ಪಕ್ಕದ ಸೀಟಿನವರನ್ನು ಕೇಳುತ್ತಾಳೆ. ಕುಣಿಗಲ್ ಕೆರೆ ಅಷ್ಟಗಲ ಕಣ್ಣ ಮುಂದೆ ಬಂದು ನಿಂತಾಗ ನನ್ನ ಕಿವಿಗೆ ಬಗ್ಗಿ, "ಅಕ್ಕ, ಇದು ಅದೇ ಕೆರೆನಾ?" ಎನ್ನುತ್ತಾಳೆ.

ಇಂಥವಳು ಫೋನಿನಲ್ಲಿ ಬಂದ ಒಂದು ವಿಡಿಯೋವನ್ನು ನಂಬಿಬಿಟ್ಟಳು. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಮಿಷನ್ನಿನಿಂದ ಕುತ್ತಿಗೆಗೆ ಬಿಸಿ ಕೊಟ್ಟರೆ ಸುಕ್ಕು ಹೋಗಿ ಜೋತ ಚರ್ಮ ಬಿಗಿಯಾಗುತ್ತದಂತೆ. ರೇಡಿಯೋ ಫ್ರೀಕ್ವೆನ್ಸಿ ಎಂದು ಅದರ ಹೆಸರು. ಹೆಸರನ್ನು ಅವಳು ಬಾಯಿಪಾಠ ಮಾಡಿಕೊಂಡಿದ್ದಳು. ತುಮಕೂರಿನಲ್ಲೇ ಮಾಡುತ್ತಾರೆ, ನೀನು ಜೊತೆಗೆ ಬಾ ಎಂದಳು.

"ಒಣಗಿದ ಕೊಬ್ಬರಿ ಎಳನೀರಾಗ್ತದೇನೇ? ಮೊಮ್ಮಕ್ಕಳು ಎತ್ತರಕ್ಕೆ ಬೆಳ್ದವೆ, ಈಗ ಯಾರಿಗೆ ತೋರ್ಸಕ್ಕೆ?" ಎಂದೆ.

"ಅವ್ವಂಗೆ," ಎಂದಳು.

ನಾನು ನಂಬಲಿಲ್ಲ. ಮುಂದಿನ ತಿಂಗಳು ಅವಳ ಮೈದುನನ ಮಗಳ ಮದುವೆ ಇತ್ತು. ಫೋಟೋ ತೆಗೆಯುವವರು ಬರುತ್ತಾರೆ. ಕಣ್ಣಿಲ್ಲದ ಅವ್ವನ ಹೆಸರು ಹೇಳಿಕೊಂಡು ಇವಳು ಕುತ್ತಿಗೆ ನೆಟ್ಟಗೆ ಮಾಡಿಸಿಕೊಳ್ಳುತ್ತಿದ್ದಾಳೆ ಎಂದೇ ನನ್ನ ಅನುಮಾನ. ಅನುಮಾನ ನಮ್ಮ ಮನೆತನದ್ದು. ಅವಳ ಪಾಲಿಗೆ ಸ್ವಲ್ಪ ಹೆಚ್ಚು ಬಂದಿದೆ, ಅಷ್ಟೇ.

ಅವ್ವನ ವಿಷಯ ಹೇಳಬೇಕು. ಅವಳು ಕುಣಿಗಲ್ಲಿನಲ್ಲಿ ನಮ್ಮ ತಮ್ಮನ ಮನೆಯಲ್ಲಿದ್ದಾಳೆ. ಕಣ್ಣು ಹೋಗಿ ಬಹಳ ಕಾಲವಾಯಿತು. ನೆನಪು ಈಚೆಗೆ ಹೋಯಿತು. ಕೈ ಮಾತ್ರ ಚುರುಕಾಗಿದೆ. ಯಾರು ಹತ್ತಿರ ಹೋದರೂ ಮೊದಲು ಅವರ ಕುತ್ತಿಗೆಗೆ ಕೈ ಹಾಕುತ್ತಾಳೆ. ಹೊಸಬರು ಹೆದರಿ ಹಿಂದಕ್ಕೆ ಸರಿಯುತ್ತಾರೆ. ಕೊರಳಲ್ಲಿ ಶಿವದಾರ ಇದೆಯೇ, ದಾರದಲ್ಲಿ ಲಿಂಗ ಇದೆಯೇ ಎಂದು ನೋಡುವುದು ಅವಳಿಗೆ ಮೊದಲಿನಿಂದ ಬಂದ ಅಭ್ಯಾಸ. ಕರೆಂಟಿನ ಮೀಟರ್ ನೋಡಲು ಬಂದವನ ಕೊರಳನ್ನೂ ತಡವಿ, "ಲಿಂಗ ಎಲ್ಲಿ ಕಳ್ಕೊಂಡ್ಯಪ್ಪ?" ಎಂದು ಕೇಳಿದ್ದಳು. ಪಾಪ, ಅವನು ಬೇರೆ ಜನ. "ಮನೇಲೇ ಬಿಟ್ಟು ಬಂದಿದೀನಿ ಅಜ್ಜಿ," ಎಂದು ಹೇಳಿ ತಪ್ಪಿಸಿಕೊಂಡ.

ನೆನಪಿದ್ದಷ್ಟು ದಿನ ಕೊರಳು ಮುಟ್ಟಿದ ಕೂಡಲೇ ಅವ್ವ ಇಂಥವರು ಎಂದು ಹೇಳಿಬಿಡುತ್ತಿದ್ದಳು. ಆದರೆ ಶಿವರಾತ್ರಿಗೆ ನಾವು ಹೋದಾಗ ತಂಗಿಯ ಕುತ್ತಿಗೆಯನ್ನು ತಡವಿದಳು. ಜೋತ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಯಾರೋ ಮುದುಕಮ್ಮ ಬಂದೌಳೆ. ಬಿಸಿಲಲ್ಲಿ ಬಂದೌಳೆ, ಮಜ್ಜಿಗೆ ಕೊಡ್ರೇ," ಎಂದಳು.

"ಅವ್ವ, ನಾನು ಕಣವ್ವ, ಚಿಕ್ಕೋಳು."

"ನಮ್ಮ ಚಿಕ್ಕೋಳ ಕುತ್ತಿಗೆ ಹಿಂಗಿಲ್ಲ ಬುಡಮ್ಮ. ನುಣ್ಣಗೈತೆ."

ಬಂದ ಮಜ್ಜಿಗೆಯನ್ನು ತಂಗಿ ಮುಟ್ಟಲಿಲ್ಲ. ದಂಡವಾಗಬಾರದು ಎಂದು ನಾನು ಕುಡಿದೆ. ನನ್ನನ್ನು ಅವ್ವ ಅದಕ್ಕೂ ಮುಂಚೆಯೇ ಮರೆತಿದ್ದಳು. ಒಂದು ಸಲ ನನ್ನ ಕುತ್ತಿಗೆ ಮುಟ್ಟಿ, "ಕೆಲಸದೋಳಾ?" ಎಂದು ಕೇಳಿದ್ದಳು. ಹೂಂ ಎಂದಿದ್ದೆ. ಹುಟ್ಟಿದಾಗಿನಿಂದ ಮಾಡಿದ್ದು ಅದನ್ನೇ ತಾನೇ?

ಹೌದು, ಅದನ್ನೂ ಹೇಳಿಬಿಡುತ್ತೇನೆ. ನನ್ನನ್ನು ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿದರು. ಮನೆಯಲ್ಲಿ ದನ, ಕಸ, ಒಲೆ, ಚಿಕ್ಕವರು ಎಲ್ಲಾ ಇದ್ದವು. ತಂಗಿಯನ್ನು ಸ್ಕೂಲಿಗೆ ಕಳಿಸಿದರು. ಕಳಿಸಿದರೆ ಇವಳು ಹೋಗಬೇಕಲ್ಲ? ಬೆಳಗ್ಗೆ ಎದ್ದು ಬಚ್ಚಲಿಗೆ ಹೋಗುವುದು, ನೀರು ಕಾಯುತ್ತಿದ್ದ ಹಂಡೆಗೆ ಕುತ್ತಿಗೆ ಒತ್ತಿಕೊಳ್ಳುವುದು, ಓಡಿ ಬಂದು ಅವ್ವನ ಮುಂದೆ ನರಳುವುದು. ಅವ್ವ ಅಂಗೈ ತಿರುಗಿಸಿ, ಕೈಯ ಹಿಂಭಾಗವನ್ನು ಕುತ್ತಿಗೆಗೆ ಇಟ್ಟು ನೋಡುವಳು. "ಅಯ್ಯೋ, ಸುಡ್ತಾ ಐತೆ, ಇವತ್ತು ಬ್ಯಾಡ," ಎನ್ನುವಳು. ಗಂಜಿ ಕಾಯಿಸಿ ಕೊಡುವ ಕೆಲಸ ನನಗೆ. ಸ್ಕೂಲಿಗೆ ಹೋಗಬೇಕು ಎಂದು ಅಳುತ್ತಿದ್ದವಳು ನಾನು, ಜ್ವರ ಬರುತ್ತಿದ್ದದ್ದು ಅವಳಿಗೆ! ನನಗಂತೂ ಜ್ವರ ಬಂದ ನೆನಪೇ ಇಲ್ಲ. ಬಂದಿದ್ದರೂ ಯಾರು ಮುಟ್ಟಿ ನೋಡಿದರು?

ಇರಲಿ. ಮಿಷನ್ನಿಗೆ ಮುಂಚೆ ತಂಗಿ ಮನೆಯಲ್ಲೇ ಮಾಡದ ಉಪಾಯವಿಲ್ಲ. ರಾಗಿ ಹಿಟ್ಟು ಕಲಸಿ ಕುತ್ತಿಗೆಗೆ ಮೆತ್ತಿಕೊಂಡಳು. ಅದು ಒಣಗಿ ಗಟ್ಟಿಯಾಗಿ, ತಲೆ ಅಲ್ಲಾಡಿಸಲಾರದೆ ಅರ್ಧ ದಿನ ಗೋಡೆ ನೋಡಿಕೊಂಡು ಕೂತಿದ್ದಳು. ಆಮೇಲೆ ಯಾರೋ ಹೇಳಿದರು, ಮೇಲೆ ನೋಡಿಕೊಂಡು ಬಾಯಿ ಮುಂದಕ್ಕೆ ಚಾಚಿದರೆ ಕುತ್ತಿಗೆ ಬಿಗಿಯಾಗುತ್ತದೆ ಎಂದು. ಮನೆಯಲ್ಲಿ ಮಾಡಿದರೆ ಸೊಸೆ ನಗುತ್ತಾಳೆ ಎಂದು ಇವಳು ಅದನ್ನು ಬೀದಿಯಲ್ಲಿ ನಡೆದುಕೊಂಡು ಮಾಡಿದಳು. ಗುಬ್ಬಿಯ ಹತ್ತಿರ ಹೆಲಿಕಾಪ್ಟರ್ ಫ್ಯಾಕ್ಟರಿ ಇದೆ, ಆಕಾಶದಲ್ಲಿ ಅವು ಹಾರಾಡುವುದು ಮಾಮೂಲು. ಇವಳು ಮೇಲೆ ನೋಡಿದ್ದನ್ನು ಕಂಡು ಸೊಪ್ಪಿನವಳು ಮೇಲೆ ನೋಡಿದಳು, ಟೈಲರ್ ಹೊರಗೆ ಬಂದು ಮೇಲೆ ನೋಡಿದ, ಬೀದಿಯೇ ಮೇಲೆ ನೋಡಿತು. ಏನೂ ಇರಲಿಲ್ಲ. ಎಲ್ಲರೂ ಕೆಳಗೆ ನೋಡುವಷ್ಟರಲ್ಲಿ ಇವಳು ಚರಂಡಿಯಲ್ಲಿದ್ದಳು.

ಹೀಗೆ ನಾವು ತುಮಕೂರಿಗೆ ಹೋದೆವು. ತಣ್ಣನೆಯ ರೂಮು, ಗೋಡೆ ತುಂಬ ಸುಕ್ಕಿಲ್ಲದ ಹೆಂಗಸರ ಫೋಟೋ. ಬಾಗಿಲಲ್ಲಿದ್ದ ಹುಡುಗಿ ತಂಗಿಗೆ "ಬನ್ನಿ ಆಂಟಿ" ಎಂದಳು, ನನಗೆ "ಕೂತ್ಕೊಳ್ಳಿ ಅಜ್ಜಿ" ಎಂದಳು. ತಂಗಿಗೆ ಅಲ್ಲೇ ಅರ್ಧ ಸುಕ್ಕು ಹೋಯಿತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಎದೆಯೊಳಗೆ ಮಿಷನ್ ಏನಾದರೂ ಇಟ್ಟಿದ್ದಾರೆಯೇ, ಮೈಯಲ್ಲಿ ರಾಡು ಹಾಕಿದ್ದಾರೆಯೇ, ಏನು ಮಾತ್ರೆ ತಗೊಳ್ಳುತ್ತೀರಿ, ಎಲ್ಲಾ ಕೇಳಿದಳು. ಆಮೇಲೆ ಹೇಳಿದಳು, "ನೋಡಿ ಅಮ್ಮ, ಇದು ಚರ್ಮದ ಒಳಗಡೆ ಬಿಸಿ ಕೊಡುತ್ತೆ. ಆ ಬಿಸಿಗೆ ಒಳಗೆ ನಿಧಾನಕ್ಕೆ ಬಿಗಿ ಬರುತ್ತೆ. ಒಂದು ಸಲಕ್ಕೆ ಆಗಲ್ಲ, ಕೆಲವು ಸಲ ಬರಬೇಕು. ತಿಂಗಳುಗಟ್ಟಲೆ ಕಾಯಬೇಕು. ನಿಮ್ಮ ವಯಸ್ಸಿಗೆ ಸ್ವಲ್ಪ ವ್ಯತ್ಯಾಸ ಕಾಣಬಹುದು ಅಷ್ಟೇ. ಹುಡುಗಿ ಥರ ಆಗಲ್ಲ."

ತಂಗಿ ನನ್ನನ್ನು ಮೂಲೆಗೆ ಕರೆದಳು. "ಅಕ್ಕ, ಇಷ್ಟು ನಿಜ ಹೇಳ್ತಾವ್ಳೆ ಅಂದ್ರೆ ಏನೋ ಮುಚ್ಚಿಡ್ತಾವ್ಳೆ."

"ಹಂಗಾದ್ರೆ ಎದ್ದು ನಡಿ."

"ಅವ್ವ ಎಷ್ಟು ದಿನ ಇರ್ತಾಳೋ," ಎಂದಳು. ಅವಳ ಮುಖ ನೋಡಿದೆ. ಮದುವೆಯ ಫೋಟೋ ಎಂಬ ನನ್ನ ಅನುಮಾನ ಅಲ್ಲಿ ಸ್ವಲ್ಪ ಸಡಿಲವಾಯಿತು. ಪೂರ್ತಿ ಹೋಗಲಿಲ್ಲ.

ಒಳಗೆ ಹೋದ ಮೇಲೆ ನಿಜವಾದ ರಗಳೆ ಶುರುವಾಯಿತು. ಹುಡುಗಿ ಒಂದು ಸ್ಟೀಲ್ ಟ್ರೇ ತಂದು, "ಆಂಟಿ, ಓಲೆ, ಸರ, ಮೆಟಲ್ ಏನಿದ್ರೂ ಬಿಚ್ಚಿ ಇದ್ರಲ್ಲಿ ಹಾಕಿ," ಎಂದಳು. ತಂಗಿ ಓಲೆ ಬಿಚ್ಚಿದಳು. ಹುಡುಗಿ ಕರಡಿಗೆ ತೋರಿಸಿ, "ಇದೂ," ಎಂದಳು.

"ಲಿಂಗ ಕಣಮ್ಮ ಇದು. ಇಳ್ಸಂಗಿಲ್ಲ. ಮೈಮೇಲಿಂದ ತೆಗ್ದು ತಟ್ಟೇಲಿ ಇಕ್ಕಕ್ಕೆ ಇದೇನು ಇಡ್ಲಿನಾ?"

"ಬೆಳ್ಳಿ ಇದ್ರೆ ಮಾಡಕ್ಕಾಗಲ್ಲ ಆಂಟಿ, ಸುಟ್ಟುಬಿಡುತ್ತೆ."

"ಹಂಗಾದ್ರೆ ನಿನ್ನ ಮಿಷನ್ನೇ ಸರಿಯಿಲ್ಲ."

ಡಾಕ್ಟರಮ್ಮ ಬಂದಳು. ಅವಳ ಮಾತೂ ನಡೆಯಲಿಲ್ಲ. ತಂಗಿ ಮಂಚದಿಂದ ಇಳಿಯುವುದಿಲ್ಲ, ಲಿಂಗ ಕೊರಳಿಂದ ಇಳಿಯುವುದಿಲ್ಲ. ನನಗೆ ಸಾಕಾಗಿ ಹೋಯಿತು. "ಕರಡಿಗೆ ಬೆಳ್ಳೀದು, ಲಿಂಗ ಕಲ್ಲಿಂದು. ಬ್ಯಾಡ ಅಂದಿದ್ದು ಬೆಳ್ಳಿ ತಾನೆ? ಲಿಂಗನ ಬಟ್ಟೇಲಿ ಸುತ್ತಿ ತೋಳಿಗೆ ಕಟ್ತೀನಿ, ಮೈಮೇಲೇ ಇರ್ತದೆ. ಬಾಯಿ ಮುಚ್ಕೊಂಡು ಮಲಗು," ಎಂದೆ. ನಮ್ಮಪ್ಪ ಹೊಲದಲ್ಲಿ ಗೇಯುವಾಗ ಹಾಗೇ ಕಟ್ಟಿಕೊಳ್ಳುತ್ತಿದ್ದ. ಡಾಕ್ಟರಮ್ಮ ಆಗಬಹುದು ಎಂದಳು. ಕರವಸ್ತ್ರ ಹರಿದು ಕಟ್ಟಿದೆ. ಖಾಲಿ ಕರಡಿಗೆಯನ್ನು ನನ್ನ ಕೈಗೆ ಕೊಡುವಾಗ ತಂಗಿ, "ನನ್ನ ಕಣ್ಣಿಗೆ ಕಾಣಂಗೆ ಹಿಡ್ಕೊ," ಎಂದಳು. ಒಡಹುಟ್ಟಿದ ಅಕ್ಕ ನಾನು!

ತಣ್ಣನೆಯ ಲೋಳೆ ಹಚ್ಚಿ, ಹುಡುಗಿ ಇಸ್ತ್ರಿ ತೀಡಿದ ಹಾಗೆ ಮಿಷನ್ನಿನ ಹಿಡಿಯನ್ನು ಕುತ್ತಿಗೆಯ ಮೇಲೆ ಓಡಿಸುತ್ತಾ ಹೋದಳು. ಬಿಸಿ ಜಾಸ್ತಿಯಾದರೆ ಹೇಳಿ ಎಂದು ಕೇಳುತ್ತಲೇ ಇದ್ದಳು. ತಂಗಿ ಹೇಳಲಿಲ್ಲ. ಕಣ್ಣು ತಿರುಗಿಸಿ ಕರಡಿಗೆಯನ್ನೇ ನೋಡುತ್ತಿದ್ದಳು. ಮುಗಿದಾಗ ಕುತ್ತಿಗೆ ಕೆಂಪಗಾಗಿ, ಸ್ವಲ್ಪ ಊದಿ, ಹಾಗಾಗಿಯೇ ಏನೋ ಒಂದಿಷ್ಟು ನುಣ್ಣಗೆ ಕಾಣುತ್ತಿತ್ತು. ಈ ಕೆಂಪು ಬೇಗ ಇಳಿಯುತ್ತೆ, ಬಿಸಿಲು ತಾಗಿಸಬೇಡಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದಳು.

ಲಿಂಗವನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡು ಹೊರಗೆ ಬಂದವಳೇ, "ನಡಿ, ಕುಣಿಗಲ್ಲಿಗೆ ಹೋಗನ," ಎಂದಳು.

"ತಿಂಗಳು ಕಾಯ್ಬೇಕು ಅಂದ್ರಲ್ಲೇ."

"ಈಗ ಬಿಗಿಯಾಗೈತೆ. ಸಾಯಂಕಾಲಕ್ಕೆ ಇಳ್ದೋದ್ರೆ?"

ಬಿಸಿ ಆರಿ ಬಿಗಿ ಹೋಗದಿರಲಿ ಎಂದು ಚೀಲದಿಂದ ಉಣ್ಣೆಯ ಮಫ್ಲರ್ ತೆಗೆದು ಕುತ್ತಿಗೆಗೆ ಸುತ್ತಿಕೊಂಡಳು. ಬಿರುಬೇಸಗೆ. ಬಸ್ಸಿನಲ್ಲಿ ಎಲ್ಲರೂ ಬೀಸಿಕೊಳ್ಳುತ್ತಿದ್ದಾರೆ, ಇವಳು ಮಫ್ಲರ್ ಹಾಕಿಕೊಂಡು ಬೆವರುತ್ತಿದ್ದಾಳೆ. ಪಕ್ಕದ ಹೆಂಗಸು, "ಏನಮ್ಮಾ, ಹುಷಾರಿಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೇರೆ ಸೀಟಿಗೆ ಹೋದಳು. ಆ ದಿನ ತಂಗಿ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಯಾರನ್ನೂ ಕೇಳಲಿಲ್ಲ. ಅದನ್ನು ನೋಡಿ ನನಗೆ ಭಯವಾಯಿತು.

ಅವ್ವ ನಡುಮನೆಯಲ್ಲಿ ಮಂಚದ ಮೇಲೆ ಕೂತಿದ್ದಳು. ತಂಗಿ ಮಫ್ಲರ್ ಬಿಚ್ಚಿ ಎಸೆದು, ಹೋಗಿ ಮುಂದೆ ಕೂತಳು. ತಾನು ಯಾರು ಎಂದು ಹೇಳಲಿಲ್ಲ. ಕುತ್ತಿಗೆ ಮುಂದಕ್ಕೆ ಚಾಚಿದಳು.

ಅವ್ವನ ಕೈ ಬಂತು. ದಾರ ಸಿಕ್ಕಿತು. ಕರಡಿಗೆ ಸಿಕ್ಕಿತು. ಅಲ್ಲಿಂದ ಬೆರಳು ಮೇಲಕ್ಕೆ ಹೋಗಿ ಚರ್ಮವನ್ನು ಹಿಡಿದವು. ಎಷ್ಟೇ ಊದಿದ್ದರೂ ಮುದುಕಿಯ ಚರ್ಮ ಮುದುಕಿಯದೇ. "ಯಾರೋ ಮುದು..." ಎಂದು ಅವ್ವ ಶುರು ಮಾಡಿದಳು. ತಂಗಿ ಕುತ್ತಿಗೆಯನ್ನು ಇನ್ನಷ್ಟು ಚಾಚಿದಳು.

ಅವ್ವನ ಬೆರಳು ನಿಂತವು. ಅಂಗೈ ತಿರುಗಿತು. ಕೈಯ ಹಿಂಭಾಗವನ್ನು ಕುತ್ತಿಗೆಗೆ ಇಟ್ಟಳು. ಒಂದು ಕಡೆ ಇಟ್ಟಳು, ಇನ್ನೊಂದು ಕಡೆ ಇಟ್ಟಳು. ಆಮೇಲೆ ಹಣೆ ಮುಟ್ಟಿದಳು.

"ಹಣೆ ತಣ್ಣಗೈತೆ, ಕುತ್ತಿಗೆ ಸುಡ್ತೈತೆ," ಎಂದಳು. "ಮತ್ತೆ ಹಂಡೆಗೆ ಒತ್ಕೊಂಡು ಬಂದ್ಯೇನೇ, ಕಳ್ಳಿ?"

ಅಂದರೆ ಅವಳಿಗೆ ಎಲ್ಲಾ ಗೊತ್ತಿತ್ತು. ಆವತ್ತಿನಿಂದಲೂ ಗೊತ್ತಿತ್ತು.

ತಂಗಿ ಅಳುತ್ತಾ ಏನು ಹೇಳಿದಳು ಗೊತ್ತೇ? "ಇಲ್ಲ ಕಣವ್ವ, ನಿಜವಾಗ್ಲೂ ಜ್ವರ." ಮೊಮ್ಮಕ್ಕಳನ್ನು ಕಂಡವಳು, ಇನ್ನೂ ಸುಳ್ಳು ಬಿಟ್ಟಿಲ್ಲ.

"ಆಯ್ತು ಬುಡು. ಇವತ್ತು ಮನೇಲೇ ಇರು. ಅಕ್ಕ ಗಂಜಿ ಕಾಯಿಸ್ಕೊಡ್ತಾಳೆ," ಎಂದಳು ಅವ್ವ. ಕೈ ಅಲ್ಲೇ ಇತ್ತು.

ಅಕ್ಕ ಅಂದರೆ ನಾನೇ. ಅಡುಗೆಮನೆಗೆ ಹೋದೆ. ತಮ್ಮನ ಹೆಂಡತಿ ಅನ್ನಕ್ಕಿಡಲು ಅಕ್ಕಿ ಆರಿಸುತ್ತಿದ್ದಳು. ಗಂಜಿ ಕಾಯಿಸಿದೆ. ಬಿಸಿ ಬಿಸಿ ಗಂಜಿಯನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ. ಅವಳು ನನ್ನ ಕಡೆ ಬೆನ್ನು ಮಾಡಿದ್ದನ್ನು ನೋಡಿಕೊಂಡು, ಆ ಲೋಟವನ್ನು ನನ್ನ ಕುತ್ತಿಗೆಗೆ ಒತ್ತಿಕೊಂಡೆ. ಚುರ್ ಎಂದಿತು. ತಡೆದುಕೊಂಡೆ. ಲೋಟವನ್ನು ತಂಗಿಯ ಕೈಗೆ ಕೊಟ್ಟು, ಅವ್ವನ ಇನ್ನೊಂದು ಪಕ್ಕ ಹೋಗಿ ಕೂತೆ.

ಅವ್ವನ ಕೈ ಬಂತು. ದಾರ ನೋಡಿತು, ಲಿಂಗ ನೋಡಿತು, ತಿರುಗಿತು, ನಿಂತಿತು.

"ನೀನ್ಯಾಕೇ ಒತ್ಕೊಂಡೆ, ದೊಡ್ಡೋಳೆ?" ಎಂದಳು. "ನಿನ್ನ ಸ್ಕೂಲು ಬಿಡಿಸಿ ಆಗೈತಲ್ಲ."

ಕೈ ಮಾತ್ರ ತೆಗೆಯಲಿಲ್ಲ.